ರೆಕಾರ್ಡಿನ ಮೇಲೆ ಯಾರ ಹೆಸರು?

1951ರ ಮಾರ್ಚ್ ತಿಂಗಳ ಮೊದಲ ವಾರ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್‌ನಿಂದ ಕಪ್ಪು ಹುಡುಗರ ವಾದ್ಯತಂಡವೊಂದು 61ನೇ ಹೆದ್ದಾರಿ ಹಿಡಿದು ಮೆಂಫಿಸ್ ನಗರಕ್ಕೆ ಹೊರಟಿತ್ತು. ತಂಡದ ಹೆಸರು ‘ಕಿಂಗ್ಸ್ ಆಫ್ ರಿದಮ್’. ಯಜಮಾನ ಐಕ್ ಟರ್ನರ್‌ಗೆ ಆಗ 19 ವರ್ಷ. ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರ್‌ಗೆ ಪೆಟ್ಟು ಬಿದ್ದು ಸ್ಪೀಕರಿನ ಕೋನ್ ಹರಿದುಹೋಯಿತು. ರಿಪೇರಿ ಮಾಡಿಸಲು ಹೊತ್ತಿರಲಿಲ್ಲ. ಸ್ಟುಡಿಯೋದ ಮಾಲೀಕ ಸ್ಯಾಮ್ ಫಿಲಿಪ್ಸ್ ಹರಿದ ಜಾಗಕ್ಕೆ ಕಾಗದ ತುರುಕಿ ನುಡಿಸಲು ಹೇಳಿದರು. ಒಡಕು ದನಿಯೊಂದು ಗುರುಗುಟ್ಟುತ್ತ ಹೊರಬಂತು, ತಂಡಕ್ಕೆ ಇನ್ನೊಂದು ಸ್ಯಾಕ್ಸೋಫೋನ್ ಬಂದು ಸೇರಿದ ಹಾಗೆ. ದೊಡ್ಡ ಕಂಪನಿಗಳ ಸ್ಟುಡಿಯೋಗಳಲ್ಲಿ ಇಂಥ ಸದ್ದನ್ನು ದೋಷವೆಂದು ತೆಗೆದುಹಾಕುತ್ತಿದ್ದರು. ಫಿಲಿಪ್ಸ್ ಅದನ್ನೇ ಎದ್ದು ಕೇಳುವಂತೆ ಮಾಡಿ ಮುದ್ರಿಸಿದರು.

ಹಾಡಿನ ಹೆಸರು ‘ರಾಕೆಟ್ 88’. ಆಲ್ಡ್ಸ್‌ಮೊಬೈಲ್ ಕಂಪನಿಯ ಕಾರೊಂದರ ಮೇಲೆ ಕಟ್ಟಿದ ಹಾಡು. ಷಿಕಾಗೋದ ಚೆಸ್ ಕಂಪನಿ ಹೊರತಂದ ಈ ರೆಕಾರ್ಡು ಜೂನ್ ಹೊತ್ತಿಗೆ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ ತಟ್ಟೆಯ ನಡುವೆ ಅಂಟಿಸಿದ ದುಂಡು ಲೇಬಲ್ಲಿನಲ್ಲಿ ಐಕ್ ಟರ್ನರ್ ತಂಡದ ಹೆಸರೇ ಇರಲಿಲ್ಲ. ‘ಜಾಕಿ ಬ್ರೆನ್‌ಸ್ಟನ್ ಅಂಡ್ ಹಿಸ್ ಡೆಲ್ಟಾ ಕ್ಯಾಟ್ಸ್’ ಎಂದು ಅಚ್ಚಾಗಿತ್ತು. ಬ್ರೆನ್‌ಸ್ಟನ್ ಇದೇ ತಂಡದ ಸ್ಯಾಕ್ಸೋಫೋನ್ ವಾದಕ, ಆ ಹಾಡಿಗೆ ದನಿ ಕೊಟ್ಟವರು. ಡೆಲ್ಟಾ ಕ್ಯಾಟ್ಸ್ ಎಂಬ ತಂಡ ಎಲ್ಲೂ ಇರಲಿಲ್ಲ.

ರಾಕ್ ಅಂಡ್ ರೋಲ್‌ನ ಮೊಟ್ಟಮೊದಲ ರೆಕಾರ್ಡು ಇದೇ ಎನ್ನುವವರು ಬಹಳ ಮಂದಿ ಇದ್ದಾರೆ. ಅಲ್ಲ, 1949ರ ಡಿಸೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಫ್ಯಾಟ್ಸ್ ಡೊಮಿನೊ ಹಾಡಿದ ‘ದ ಫ್ಯಾಟ್ ಮ್ಯಾನ್’ ಎನ್ನುವವರಿದ್ದಾರೆ. ರಾಯ್ ಬ್ರೌನ್ 1947ರಲ್ಲಿ ಹಾಡಿ, ಮರುವರ್ಷ ವೈನೋನಿ ಹ್ಯಾರಿಸ್ ಇನ್ನಷ್ಟು ಜನಪ್ರಿಯಗೊಳಿಸಿದ ‘ಗುಡ್ ರಾಕಿಂಗ್ ಟುನೈಟ್’ ಕಡೆಗೆ ಬೆರಳು ತೋರುವವರೂ ಉಂಟು. ಮೊದಲು ಯಾವುದು ಎಂಬ ಈ ಜಗಳ ಮುಗಿಯುವಂಥದ್ದಲ್ಲ. ಮುಗಿಯಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ. ಕಾಡುವ ಪ್ರಶ್ನೆ ಬೇರೆಯದು. ಈ ಸಂಗೀತ ಹುಟ್ಟಿದ ಹತ್ತು ಹದಿನೈದು ವರ್ಷಗಳಲ್ಲಿ ಲೇಬಲ್ಲಿನ ಮೇಲೆ ಯಾರ ಹೆಸರು ಬಂತು, ಯಾರದು ಬರಲಿಲ್ಲ, ಬಂದ ಹೆಸರಿಗೂ ದುಡ್ಡಿಗೂ ನಂಟಿತ್ತೇ? ರಾಕ್ ಅಂಡ್ ರೋಲ್‌ನ ಚರಿತ್ರೆಯನ್ನು ಆ ಪುಟ್ಟ ಕಾಗದದ ತುಂಡಿನಿಂದಲೇ ಓದಬೇಕು ಎಂದು ನಂಬಿದವನು ನಾನು.

ಹಿನ್ನೆಲೆಯಲ್ಲಿ ಒಂದಿಷ್ಟು ವ್ಯವಹಾರದ ಸಂಗತಿಗಳಿವೆ. ಅಮೆರಿಕದಲ್ಲಿ ಹಾಡು ಬರೆದವರ ಪರವಾಗಿ ರೇಡಿಯೊಗಳಿಂದ ಹಣ ವಸೂಲು ಮಾಡುತ್ತಿದ್ದ ಸಂಘ ಆಸ್ಕ್ಯಾಪ್. ಅದರ ದರ ಒಪ್ಪದ ರೇಡಿಯೊ ಮಾಲೀಕರು 1939ರಲ್ಲಿ ಬಿಎಂಐ ಎಂಬ ಪ್ರತಿಸಂಸ್ಥೆ ಕಟ್ಟಿ, 1941ರ ಬಹುಪಾಲು ಆಸ್ಕ್ಯಾಪ್ ಹಾಡುಗಳನ್ನು ಪ್ರಸಾರ ಮಾಡಲೇ ಇಲ್ಲ. ಆಸ್ಕ್ಯಾಪ್ ಕಣ್ಣೆತ್ತಿಯೂ ನೋಡದಿದ್ದ ಬ್ಲೂಸ್ ಮತ್ತು ಹಳ್ಳಿಗಾಡಿನ ಹಾಡುಗಾರರಿಗೆ ಹೀಗೆ ಬಾಗಿಲು ತೆರೆಯಿತು. ಯುದ್ಧದ ನಡುವೆ, 1944ರಲ್ಲಿ, ಹಾಡು ಕುಣಿತಗಳಿದ್ದ ಕ್ಲಬ್ಬುಗಳ ಮೇಲೆ ಸರ್ಕಾರ ಶೇ 30ರಷ್ಟು ತೆರಿಗೆ ಹೇರಿತು. ಹದಿನೈದು ಇಪ್ಪತ್ತು ಮಂದಿಯ ಸ್ವಿಂಗ್ ಬ್ಯಾಂಡುಗಳನ್ನು ಸಾಕುವುದು ಕಷ್ಟವಾಯಿತು. ಐದಾರು ಜನರ ಸಣ್ಣ ತಂಡಗಳು ಮೇಲೆ ಬಂದವು. ಲೂಯಿ ಜೋರ್ಡನ್ ಅಂಥದೊಂದು ತಂಡ ಕಟ್ಟಿಕೊಂಡು, ತಮಾಷೆಯ ಕಥೆಗಳನ್ನು ಓಡುವ ಲಯಕ್ಕೆ ಕೂರಿಸಿ ನಲವತ್ತರ ದಶಕವನ್ನೇ ಆಳಿದರು. ಅಷ್ಟು ಸಣ್ಣ ತಂಡ ದೊಡ್ಡ ಸಭಾಂಗಣ ತುಂಬುವಷ್ಟು ಸದ್ದು ಮಾಡಬೇಕಾದರೆ ವಿದ್ಯುತ್ ಬೇಕಲ್ಲ. ಎಲೆಕ್ಟ್ರಿಕ್ ಗಿಟಾರ್ ಅದಕ್ಕೆ ಒದಗಿತು.

ಆ ಗಿಟಾರನ್ನು ಹೆಗಲಿಗೇರಿಸಿದವರಲ್ಲಿ ಮೊದಲು ನೆನೆಯಬೇಕಾದವರು ಒಬ್ಬ ಹೆಣ್ಣುಮಗಳು. ಸಿಸ್ಟರ್ ರೊಸೆಟ್ಟಾ ಥಾರ್ಪ್ ಹುಟ್ಟಿದ್ದು 1915ರಲ್ಲಿ, ಅರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್‌ನಲ್ಲಿ. ತಾಯಿ ಊರೂರು ಅಲೆದು ಧರ್ಮಪ್ರಚಾರ ಮಾಡುತ್ತಿದ್ದವರು, ಮ್ಯಾಂಡೊಲಿನ್ ನುಡಿಸುತ್ತಿದ್ದವರು. ಎಳವೆಯಿಂದಲೇ ತಾಯಿಯ ಜೊತೆ ಹಾಡುತ್ತ ಬೆಳೆದ ಹುಡುಗಿಗೆ ಚರ್ಚಿನ ಚಪ್ಪಾಳೆಯೇ ತಾಳಪಾಠ. ನಾಲ್ಕು ಎಣಿಕೆಯಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಬೀಳುವ ಆ ಚಪ್ಪಾಳೆಯೇ ಮುಂದೆ ರಾಕ್ ಅಂಡ್ ರೋಲ್ ಡ್ರಮ್ಮಿನ ಪೆಟ್ಟಾಯಿತು. 1938ರಲ್ಲಿ ಆಕೆ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ದೇವರ ಹಾಡು ಹಾಡಿದಾಗ ಚರ್ಚಿನವರು ಮುನಿಸಿಕೊಂಡರು. ಹೆಂಡ ಕುಡಿಯುವ ಜಾಗದಲ್ಲಿ ಸ್ತೋತ್ರವೇ ಎಂಬುದು ಅವರ ಸಿಟ್ಟು. ರೊಸೆಟ್ಟಾ ಎರಡೂ ಕಡೆ ಹಾಡಿದರು. 1944ರಲ್ಲಿ ಮುದ್ರಿಸಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ ಭಕ್ತಿಗೀತೆಯಾದರೂ ಮರುವರ್ಷ ಕಪ್ಪುಜನರ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಹೋಯಿತು. ಗಿಟಾರಿನ ತಂತಿಗಳನ್ನು ಒಂದೊಂದಾಗಿ ಕೀಳುತ್ತ, ಹಾಡಿನ ಸಾಲಿಗೆ ಎದುರು ಮಾತಾಡಿಸುವ ಆಕೆಯ ಶೈಲಿ ಕೇಳಿದವರಿಗೆ ಚಕ್ ಬೆರಿ ಎಲ್ಲಿಂದ ಬಂದರು ಎಂದು ಬೇರೆ ಹೇಳಬೇಕಾಗಿಲ್ಲ. 1947ರಲ್ಲಿ ಜಾರ್ಜಿಯಾದ ಮೇಕನ್‌ನಲ್ಲಿ, ಕಛೇರಿಗೆ ಮುಂಚೆ ತನ್ನ ಹಾಡುಗಳನ್ನೇ ಹಾಡುತ್ತಿದ್ದ ಹದಿನಾಲ್ಕರ ಹುಡುಗನೊಬ್ಬನನ್ನು ಕಂಡು ಆಕೆ ವೇದಿಕೆಗೆ ಕರೆದರು, ಹಾಡಿಸಿದರು, ಕೈಗೆ ದುಡ್ಡೂ ಕೊಟ್ಟರು. ಆ ಹುಡುಗ ರಿಚರ್ಡ್ ಪೆನ್ನಿಮನ್, ಮುಂದಿನ ಲಿಟಲ್ ರಿಚರ್ಡ್.

ಕಪ್ಪುಜನರ ರೆಕಾರ್ಡುಗಳನ್ನು ‘ರೇಸ್ ರೆಕಾರ್ಡ್ಸ್’ ಎಂದು ಬೇರೆಯೇ ಪಟ್ಟಿ ಮಾಡುವ ರೂಢಿ ಇತ್ತು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ಪಟ್ಟಿಯನ್ನು ‘ರಿದಮ್ ಅಂಡ್ ಬ್ಲೂಸ್’ ಎಂದು ಕರೆಯತೊಡಗಿತು. ಬೇಲಿ ಮಾತ್ರ ಹಾಗೇ ಉಳಿಯಿತು. ಆದರೆ ರೇಡಿಯೊ ಅಲೆಗಳಿಗೆ ಬೇಲಿ ಹಾಕಲಾಗಲಿಲ್ಲ. ನಾಟಕ, ಹಾಸ್ಯ ಕಾರ್ಯಕ್ರಮಗಳೆಲ್ಲ ಟೆಲಿವಿಷನ್‌ಗೆ ವಲಸೆ ಹೋದಾಗ ಊರೂರಿನ ರೇಡಿಯೊ ಕೇಂದ್ರಗಳಿಗೆ ಸಮಯ ತುಂಬಿಸಲು ರೆಕಾರ್ಡುಗಳೇ ಗತಿಯಾದವು. ಮೆಂಫಿಸ್‌ನ ಡಬ್ಲ್ಯುಡಿಐಎ ಕೇಂದ್ರ 1948ರಿಂದ ಕಪ್ಪು ನಿರೂಪಕರನ್ನು ಕೂರಿಸತೊಡಗಿ ಬೇಗನೆ ಪೂರ್ತಿ ಕಪ್ಪು ಕೇಳುಗರ ಕೇಂದ್ರವೇ ಆಯಿತು, ಯುವಕ ಬಿ.ಬಿ. ಕಿಂಗ್ ಅಲ್ಲಿ ನಿರೂಪಕರಾಗಿದ್ದರು. ಮನೆಯೊಳಗೆ ಕೂತು ಅದನ್ನು ಕೇಳುತ್ತಿದ್ದ ಬಿಳಿಯ ಮಕ್ಕಳನ್ನು ತಡೆಯುವವರು ಯಾರು?

ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ರೆಕಾರ್ಡು ಅಂಗಡಿ ಇಟ್ಟಿದ್ದ ಲಿಯೊ ಮಿಂಟ್ಜ್, ಬಿಳಿಯ ಹುಡುಗರು ಬಂದು ಕಪ್ಪುಜನರ ರೆಕಾರ್ಡು ಕೇಳಿ ಕೊಂಡುಹೋಗುವುದನ್ನು ಗಮನಿಸಿದರು. ರೇಡಿಯೊ ನಿರೂಪಕ ಅಲನ್ ಫ್ರೀಡ್‌ಗೆ ಆ ರೆಕಾರ್ಡುಗಳನ್ನೇ ಹಾಕಲು ಪುಸಲಾಯಿಸಿದರು. 1951ರ ಜುಲೈನಲ್ಲಿ ಡಬ್ಲ್ಯುಜೆಡಬ್ಲ್ಯು ಕೇಂದ್ರದಿಂದ ಫ್ರೀಡ್ ‘ಮೂನ್‌ಡಾಗ್’ ಎಂಬ ಹೆಸರಿಟ್ಟುಕೊಂಡು ತಡರಾತ್ರಿಯ ಕಾರ್ಯಕ್ರಮ ಶುರುಮಾಡಿದರು. 1952ರ ಮಾರ್ಚ್ 21ರಂದು ಅವರು ಏರ್ಪಡಿಸಿದ ನೃತ್ಯಸಂಜೆಗೆ, ಹತ್ತು ಸಾವಿರ ಮಂದಿ ಹಿಡಿಸುವ ಕ್ಲೀವ್‌ಲ್ಯಾಂಡ್ ಅರೀನಾದ ಮುಂದೆ ಸುಮಾರು ಇಪ್ಪತ್ತು ಸಾವಿರ ಜನ ಸೇರಿದರು. ಬಾಗಿಲು ಮುರಿದವು. ಸಂಗೀತ ಸರಿಯಾಗಿ ಆರಂಭವಾಗುವ ಮೊದಲೇ ಪೊಲೀಸರು ನಿಲ್ಲಿಸಿದರು. ಬಂದವರಲ್ಲಿ ಬಹುಪಾಲು ಕಪ್ಪುಜನರು. ರಾಕ್ ಕಛೇರಿಗಳ ಚರಿತ್ರೆಯನ್ನು ಈ ಅರ್ಧಕ್ಕೆ ನಿಂತ ರಾತ್ರಿಯಿಂದಲೇ ಎಣಿಸುತ್ತಾರೆ.

1954ರಲ್ಲಿ ಫ್ರೀಡ್ ನ್ಯೂಯಾರ್ಕಿಗೆ ಬಂದಾಗ ಒಂದು ತಕರಾರೆದ್ದಿತು. ಅಲ್ಲಿನ ಬೀದಿಗಳಲ್ಲಿ ನುಡಿಸುತ್ತಿದ್ದ ಲೂಯಿ ಹಾರ್ಡಿನ್ ಎಂಬ ಅಂಧ ಸಂಗೀತಗಾರರು ಎಷ್ಟೋ ವರ್ಷಗಳಿಂದ ಮೂನ್‌ಡಾಗ್ ಎಂದೇ ಹೆಸರಾಗಿದ್ದರು. ಅವರು ಕೋರ್ಟಿಗೆ ಹೋಗಿ ಗೆದ್ದರು. ಹೆಸರು ಬಿಟ್ಟುಕೊಟ್ಟ ಫ್ರೀಡ್ ತಮ್ಮ ಕಾರ್ಯಕ್ರಮಕ್ಕೆ ‘ರಾಕ್ ಅಂಡ್ ರೋಲ್ ಪಾರ್ಟಿ’ ಎಂದು ಹೊಸ ಹೆಸರಿಟ್ಟರು. ಕಪ್ಪು ಗಾಯಕರ ಹಾಡುಗಳಲ್ಲಿ ದಶಕಗಳಿಂದ ಓಡಾಡುತ್ತಿದ್ದ ಆ ಪದಪುಂಜ ಹೀಗೆ ಇಡೀ ದೇಶದ ಬಾಯಿಗೆ ಬಿತ್ತು.

ಇನ್ನು ನ್ಯೂ ಆರ್ಲಿಯನ್ಸ್. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಲೇಬೇಕು. ರಾಂಪಾರ್ಟ್ ಮತ್ತು ಡುಮೇನ್ ಬೀದಿಗಳು ಸೇರುವ ಮೂಲೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೊಸಿಮೊ ಮಟಾಸ ನಡೆಸುತ್ತಿದ್ದ ಜೆ ಅಂಡ್ ಎಂ ಸ್ಟುಡಿಯೋ. ಫ್ಯಾಟ್ಸ್ ಡೊಮಿನೊ ಹಾಡಿದ್ದು ಅಲ್ಲೇ. 1955ರ ಸೆಪ್ಟೆಂಬರ್ 14ರಂದು ಅಲ್ಲಿಗೆ ಲಿಟಲ್ ರಿಚರ್ಡ್ ಬಂದಿದ್ದರು. ಬೆಳಗಿನಿಂದ ಹಾಡಿದ ಬ್ಲೂಸ್ ಯಾವುದೂ ನಿರ್ಮಾಪಕ ಬಂಪ್ಸ್ ಬ್ಲಾಕ್‌ವೆಲ್‌ಗೆ ಹಿಡಿಸಲಿಲ್ಲ. ಊಟದ ಬಿಡುವಿನಲ್ಲಿ ಎಲ್ಲರೂ ‘ಡ್ಯೂ ಡ್ರಾಪ್ ಇನ್’ ಕ್ಲಬ್ಬಿಗೆ ಹೋದರು. ಅಲ್ಲೊಂದು ಪಿಯಾನೊ, ಕೇಳಲು ಒಂದಿಷ್ಟು ಜನ. ರಿಚರ್ಡ್ ಪಿಯಾನೊ ಬಡಿಯುತ್ತ ತಮ್ಮ ಹಳೆಯ ಪೋಲಿ ಹಾಡೊಂದನ್ನು ಕಿರುಚಿ ಹಾಡಿದರು. ಬ್ಲಾಕ್‌ವೆಲ್ ಹುಡುಕುತ್ತಿದ್ದದ್ದು ಸಿಕ್ಕಿತು. ಸಾಹಿತ್ಯ ಮಾತ್ರ ರೇಡಿಯೊಗೆ ಸಲ್ಲದು. ಡೊರೊಥಿ ಲಾಬೊಸ್ಟ್ರಿ ಎಂಬ ಯುವತಿಯಿಂದ ಅವಸರದಲ್ಲಿ ಹೊಸ ಸಾಲು ಬರೆಸಿ, ಉಳಿದ ಸ್ವಲ್ಪ ಹೊತ್ತಿನಲ್ಲೇ ‘ಟುಟ್ಟಿ ಫ್ರುಟ್ಟಿ’ ಮುದ್ರಿಸಿದರು.

ಆ ಹೊತ್ತು ಡ್ರಮ್ಮಿಗೆ ಕೂತವರು ಅರ್ಲ್ ಪಾಮರ್. ಅಲ್ಲಿಯವರೆಗಿನ ಬ್ಲೂಸ್, ಸ್ವಿಂಗ್, ಬೂಗಿವೂಗಿಗಳ ನಡಿಗೆ ತೂಗಾಟದ್ದು: ಪ್ರತಿ ಎಣಿಕೆಯನ್ನೂ ಮೂರು ಭಾಗ ಮಾಡಿ ನಡುವಿನದನ್ನು ಬಿಟ್ಟು ನುಡಿಸುವಂಥದ್ದು. ನಮ್ಮ ಲಯದ ಮಾತಿನಲ್ಲಿ ತಿಶ್ರ ನಡೆ. ಲಿಟಲ್ ರಿಚರ್ಡ್‌ರ ಬಲಗೈ ಹಾಗೆ ತೂಗುತ್ತಿರಲಿಲ್ಲ. ಪ್ರತಿ ಎಣಿಕೆಯನ್ನೂ ಸಮಸಮ ಭಾಗ ಮಾಡಿ, ಬಿಡುವಿಲ್ಲದೆ ಒಂದೇ ಸಮ ಬಡಿಯುತ್ತಿತ್ತು. ಆ ಕೈಯ ಜೊತೆ ಹೋಗಲು ತಾವೂ ತೂಗಾಟ ಬಿಡಬೇಕಾಯಿತೆಂದು ಪಾಮರ್ ಮುಂದೆ ವಿವರಿಸಿದ್ದಾರೆ. ತಿಶ್ರದಿಂದ ಚತುರಶ್ರಕ್ಕೆ ಹೊರಳಿದ ಈ ನಡೆಯೇ ಮುಂದಿನ ಅರವತ್ತೆಪ್ಪತ್ತು ವರ್ಷಗಳ ರಾಕ್ ಸಂಗೀತದ ಬೆನ್ನೆಲುಬು. ಹೊಸ ಸಂಗೀತ ಹುಟ್ಟಿದ್ದನ್ನು ಕಿವಿಯಿಂದಲೇ ಗುರುತಿಸಬಹುದಾದ ಇಂಥ ಕ್ಷಣಗಳು ಬಹಳ ಇಲ್ಲ. ಚಕ್ ಬೆರಿಯ ಮೊದಮೊದಲ ರೆಕಾರ್ಡುಗಳಲ್ಲಿ ಎರಡು ನಡೆಗಳೂ ಒಟ್ಟಿಗೆ ಕೇಳುತ್ತವೆ. ಡ್ರಮ್ಮು ಇನ್ನೂ ತೂಗುತ್ತಿದ್ದರೆ ಗಿಟಾರು ಆಗಲೇ ನೇರ ನಡೆಯುತ್ತಿರುತ್ತದೆ. ಆ ತಿಕ್ಕಾಟದ ಸುಖವೇ ಬೇರೆ.

‘ಟುಟ್ಟಿ ಫ್ರುಟ್ಟಿ’ ಪಾಪ್ ಪಟ್ಟಿಯಲ್ಲಿ 17ನೆಯ ಸ್ಥಾನದವರೆಗೆ ಹೋಯಿತು. ಅದೇ ಹಾಡನ್ನು ಪ್ಯಾಟ್ ಬೂನ್ ಎಂಬ ಬಿಳಿಯ, ಅಚ್ಚುಕಟ್ಟಾದ ಯುವಕ ನಯವಾಗಿ ಹಾಡಿದರು. ಅದು 12ಕ್ಕೆ ಹೋಯಿತು. ಫ್ಯಾಟ್ಸ್ ಡೊಮಿನೊ ಹಾಡಿದ ‘ಏಂಟ್ ದಟ್ ಎ ಶೇಮ್’ಗೂ ಅದೇ ಗತಿ, ಬೂನ್ ಹಾಡಿದ್ದು ಮೊದಲ ಸ್ಥಾನಕ್ಕೇ ಏರಿತು. ಇದಕ್ಕೆ ‘ಕವರ್’ ಎಂದು ಹೆಸರು. ಕಾನೂನಿನಲ್ಲಿ ತಪ್ಪಿರಲಿಲ್ಲ, ಹಾಡು ಬರೆದವರಿಗೆ ಗೊತ್ತುಮಾಡಿದ ಹಣ ಕೊಟ್ಟರೆ ಯಾರು ಬೇಕಾದರೂ ಹಾಡಬಹುದಿತ್ತು. ಮೊದಲು ಹಾಡಿದವರು ಹುಡುಕಿ ತಂದ ಲಯ, ತಿರುವು, ಬನಿ ಇವಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ತನ್ನ ‘ಟ್ವೀಡ್ಲ್ ಡೀ’ಯನ್ನು ಬಿಳಿಯ ಗಾಯಕಿಯೊಬ್ಬರು ವಾದ್ಯಸಂಯೋಜನೆ ಸಮೇತ ಹಾಗೆಹಾಗೇ ಇಳಿಸಿಕೊಂಡಾಗ ಲಾವರ್ನ್ ಬೇಕರ್ 1955ರಲ್ಲಿ ಸಂಸದ ಚಾರ್ಲ್ಸ್ ಡಿಗ್ಸ್‌ಗೆ ಪತ್ರ ಬರೆದು ಕಾನೂನು ಬದಲಿಸಲು ಕೇಳಿದರು. ಬದಲಾಗಲಿಲ್ಲ. ಹಾಡುಗಳು ಬೇಲಿ ದಾಟಲು ಕವರ್‌ಗಳು ನೆರವಾದವು ಎಂಬ ವಾದವನ್ನು ಕೇಳಿದ್ದೇನೆ. ಹಾಡು ದಾಟಿತು, ನಿಜ. ಹಾಡಿದವರು ಈಚೆಯೇ ನಿಂತರು.

ಬರೆದವರ ಹೆಸರಾದರೂ ಭದ್ರವಾಗಿತ್ತೇ? ಸೇಂಟ್ ಲೂಯಿಸ್‌ನ ಚಕ್ ಬೆರಿ 1955ರಲ್ಲಿ ಷಿಕಾಗೋಕ್ಕೆ ಹೋಗಿ ತಮ್ಮ ಆರಾಧ್ಯ ಮಡ್ಡಿ ವಾಟರ್ಸ್‌ರನ್ನು ಕಂಡರು. ಚೆಸ್ ಕಂಪನಿಯ ಲಿಯೊನಾರ್ಡ್ ಚೆಸ್‌ರನ್ನು ನೋಡು ಎಂದು ದಾರಿ ತೋರಿದವರು ವಾಟರ್ಸ್. ‘ಐಡಾ ರೆಡ್’ ಎಂಬ ಹಳೆಯ ಹಳ್ಳಿಹಾಡಿನ ಜಾಡಿನಲ್ಲಿ ಬೆರಿ ಕಟ್ಟಿದ ಹಾಡು ಚೆಸ್‌ಗೆ ಇಷ್ಟವಾಯಿತು. ಮೇ 21ರಂದು ‘ಮೇಬಲೀನ್’ ಎಂಬ ಹೆಸರಿನಲ್ಲಿ ಅದು ಮುದ್ರಣವಾಯಿತು. ನ್ಯೂಯಾರ್ಕಿನಲ್ಲಿ ಫ್ರೀಡ್ ಅದನ್ನು ಮತ್ತೆ ಮತ್ತೆ ಹಾಕಿದರು. ಪಾಪ್ ಪಟ್ಟಿಯಲ್ಲಿ 5ನೆಯ ಸ್ಥಾನ, ರಿದಮ್ ಅಂಡ್ ಬ್ಲೂಸ್‌ನಲ್ಲಿ ಮೊದಲನೆಯದು. ರೆಕಾರ್ಡು ಹೊರಬಂದ ಮೇಲೆ ಬೆರಿಗೆ ತಿಳಿಯಿತು, ರಚನೆಯಲ್ಲಿ ತಮ್ಮ ಜೊತೆ ಇನ್ನಿಬ್ಬರು ಪಾಲುದಾರರಿದ್ದಾರೆ ಎಂದು. ಒಬ್ಬರು ಅಲನ್ ಫ್ರೀಡ್. ಇನ್ನೊಬ್ಬರು ಚೆಸ್‌ರ ವ್ಯವಹಾರದ ಪರಿಚಯದ ರಸ್ ಫ್ರಾಟೊ. ಇಬ್ಬರೂ ಒಂದಕ್ಷರ ಬರೆದಿರಲಿಲ್ಲ. ಹಾಡಿನ ಪೂರ್ತಿ ಹಕ್ಕು ಬೆರಿಗೆ ಮರಳಿದ್ದು 1986ರಲ್ಲಿ, ಮೂವತ್ತೊಂದು ವರ್ಷಗಳ ಮೇಲೆ.

ಫ್ರೀಡ್ ವಿಚಾರದಲ್ಲಿ ತೀರ್ಪು ಕೊಡುವುದು ನನಗೆ ಸುಲಭವಾಗಿ ಕಾಣುವುದಿಲ್ಲ. ಬಿಳಿಯರ ಕವರ್ ಹಾಕುವುದಿಲ್ಲ, ಮೂಲ ಹಾಡೇ ಹಾಕುತ್ತೇನೆ ಎಂದು ಹಟ ಹಿಡಿದವರೂ ಅವರೇ. ಅವರ ಕಛೇರಿಗಳಲ್ಲಿ ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಕೂತರು, ಕುಣಿದರು. 1957ರಲ್ಲಿ ಅವರ ಟೆಲಿವಿಷನ್ ಕಾರ್ಯಕ್ರಮದಲ್ಲಿ ಕಪ್ಪು ಹುಡುಗ ಫ್ರಾಂಕಿ ಲೈಮನ್ ಬಿಳಿಯ ಹುಡುಗಿಯೊಬ್ಬಳ ಜೊತೆ ಕುಣಿದದ್ದು ದಕ್ಷಿಣದ ಕೇಂದ್ರಗಳನ್ನು ಕೆರಳಿಸಿತು, ಕಾರ್ಯಕ್ರಮವೇ ನಿಂತುಹೋಯಿತು. ಅದೇ ಫ್ರೀಡ್ ಬೆರಿಯ ಹಾಡಿನಲ್ಲಿ ಪಾಲು ಹಿಡಿದಿದ್ದರು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಮೆಂಫಿಸ್‌ಗೆ ಮರಳೋಣ. 706, ಯೂನಿಯನ್ ಅವೆನ್ಯೂದ ಅದೇ ಸ್ಟುಡಿಯೋ. ಫಿಲಿಪ್ಸ್ 1952ರಲ್ಲಿ ‘ಸನ್’ ಎಂಬ ಸ್ವಂತ ಕಂಪನಿ ತೆರೆದಿದ್ದರು. 1953ರ ಬೇಸಿಗೆಯಲ್ಲಿ ಟ್ಯುಪೆಲೊ ಮೂಲದ ಬಡ ಬಿಳಿಯ ಹುಡುಗ ಎಲ್ವಿಸ್ ಪ್ರೆಸ್ಲಿ ನಾಲ್ಕು ಡಾಲರ್ ಚಿಲ್ಲರೆ ಕೊಟ್ಟು ತನ್ನದೇ ದನಿ ಮುದ್ರಿಸಿಕೊಂಡು ಹೋಗಿದ್ದ. 1954ರ ಜುಲೈ 5ರ ರಾತ್ರಿ ಗಿಟಾರಿನ ಸ್ಕಾಟಿ ಮೂರ್, ಬಾಸ್‌ನ ಬಿಲ್ ಬ್ಲಾಕ್ ಜೊತೆ ಅವನನ್ನು ಕೂರಿಸಿಕೊಂಡು ಫಿಲಿಪ್ಸ್ ಪ್ರಯೋಗ ನಡೆಸಿದ್ದರು. ಒಂದೂ ಹೊಂದುತ್ತಿರಲಿಲ್ಲ. ಬಿಡುವಿನಲ್ಲಿ ಹುಡುಗ ಸುಮ್ಮನೆ ಕುಣಿಯುತ್ತ ಆರ್ಥರ್ ಕ್ರುಡಪ್‌ರ 1946ರ ಬ್ಲೂಸ್ ‘ದಟ್ಸ್ ಆಲ್ ರೈಟ್’ ಶುರುಮಾಡಿದ. ಮಿಕ್ಕಿಬ್ಬರು ಸೇರಿಕೊಂಡರು. ಡ್ರಮ್ಮಿಲ್ಲ, ಮೂರೇ ಜನ. ತಟ್ಟೆಯ ಮರುಮಗ್ಗುಲಿಗೆ ಬಿಲ್ ಮನ್ರೊ ಅವರ ಬ್ಲೂಗ್ರಾಸ್ ಹಾಡೊಂದನ್ನು ವೇಗ ಹೆಚ್ಚಿಸಿ ಹಾಡಿದರು. ಒಂದು ಮಗ್ಗುಲಲ್ಲಿ ಕಪ್ಪುಜನರ ಹಾಡು, ಇನ್ನೊಂದರಲ್ಲಿ ಬಿಳಿಯ ಹಳ್ಳಿಗರ ಹಾಡು. ಅದೇ ವಾರ ಡ್ಯೂಯಿ ಫಿಲಿಪ್ಸ್ ಎಂಬ ನಿರೂಪಕ ರೇಡಿಯೊದಲ್ಲಿ ಅದನ್ನು ಹಾಕಿ, ಹುಡುಗನನ್ನು ಕರೆಸಿ, ಯಾವ ಸ್ಕೂಲಿನಲ್ಲಿ ಓದಿದ್ದು ಎಂದು ಕೇಳಿದರು. ಹ್ಯೂಮ್ಸ್ ಹೈಸ್ಕೂಲು ಎಂಬ ಉತ್ತರ ಬಂತು. ಊರಿನವರಿಗೆ ಅಷ್ಟು ಸಾಕಿತ್ತು: ಅದು ಬಿಳಿಯರ ಶಾಲೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1955ರ ನವೆಂಬರಿನಲ್ಲಿ ಆರ್‌ಸಿಎ ಕಂಪನಿ 35,000 ಡಾಲರ್ ಕೊಟ್ಟು ಎಲ್ವಿಸ್ ಕರಾರನ್ನು ಕೊಂಡಿತು. 1956ರ ಸೆಪ್ಟೆಂಬರಿನಲ್ಲಿ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಅವರನ್ನು ಸುಮಾರು ಆರು ಕೋಟಿ ಜನ ನೋಡಿದರು. ಆ ಹೊತ್ತಿಗಾಗಲೇ ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ ಒಂದು ಸಿನಿಮಾದ ಬಲದಿಂದ ದೇಶದ ಮೊದಲ ಸ್ಥಾನದಲ್ಲಿ ಎಂಟು ವಾರ ಕೂತು ಇಳಿದಿತ್ತು. ಎಲ್ವಿಸ್‌ರ ದನಿಯ ಮೇಲೆ ನನಗೆ ಅಪಾರ ಪ್ರೀತಿಯಿದೆ; ಅವರನ್ನು ಕಳ್ಳನೆಂದು ಕರೆಯುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಯಾರಿಂದ ಕಲಿತೆನೆಂದು ಅವರು ಮುಚ್ಚಿಡಲಿಲ್ಲ. ಕ್ರುಡಪ್‌ರ ಹೆಸರನ್ನು ಪತ್ರಕರ್ತರ ಮುಂದೆ ತಾವಾಗಿ ಹೇಳಿದ್ದರು. ಲೇಬಲ್ಲಿನ ಮೇಲೂ ಕ್ರುಡಪ್‌ರ ಹೆಸರು ಸರಿಯಾಗಿಯೇ ಇತ್ತು. ಹಾಗಿದ್ದರೂ ಕ್ರುಡಪ್ ಕೂಲಿನಾಲಿ ಮಾಡಿ ಬದುಕಿದರು. ಹಾಡುಗಳ ಹಣ ಮ್ಯಾನೇಜರರ ಕೈಯಲ್ಲಿ, ಪ್ರಕಾಶನ ಸಂಸ್ಥೆಗಳ ಕಡತಗಳಲ್ಲಿ ಉಳಿಯಿತು. ಎಪ್ಪತ್ತರ ದಶಕದ ಆರಂಭದಲ್ಲಿ ಸುಮಾರು 60,000 ಡಾಲರಿನ ರಾಜಿ ಕುದುರಿತ್ತು. ಸಹಿ ಹಾಕುವ ಹೊತ್ತಿಗೆ ಪ್ರಕಾಶಕರು ಹಿಂದೆ ಸರಿದರು. 1974ರಲ್ಲಿ ಕ್ರುಡಪ್ ತೀರಿಕೊಂಡರು.

‘ಹೌಂಡ್ ಡಾಗ್’ ಕಥೆ ಇನ್ನೂ ತೊಡಕಿನದು. ಬಿಗ್ ಮಾಮಾ ಥಾರ್ನ್‌ಟನ್ 1952ರ ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹಾಡಿದ ಹಾಡು ಇದು. ಬರೆದವರು ಜೆರಿ ಲೀಬರ್, ಮೈಕ್ ಸ್ಟಾಲರ್ ಎಂಬ 19ರ ಹರೆಯದ ಇಬ್ಬರು ಯಹೂದಿ ಹುಡುಗರು, ಬ್ಲೂಸ್ ಹುಚ್ಚು ಹತ್ತಿಸಿಕೊಂಡವರು. ರೆಕಾರ್ಡಿನಲ್ಲಿ ಬ್ಯಾಂಡ್ ನಾಯಕ ಜಾನಿ ಓಟಿಸ್ ತಮ್ಮ ಹೆಸರನ್ನೂ ರಚನಕಾರರ ಸಾಲಿಗೆ ಸೇರಿಸಿಕೊಂಡಿದ್ದರು. ಕೋರ್ಟು ಅದನ್ನು ತೆಗೆಸಿತು. ಥಾರ್ನ್‌ಟನ್‌ರ ರೆಕಾರ್ಡು 1953ರಲ್ಲಿ ಏಳು ವಾರ ಕಪ್ಪು ಕೇಳುಗರ ಪಟ್ಟಿಯಲ್ಲಿ ಮೊದಲ ಸ್ಥಾನ ಹಿಡಿದಿತ್ತು. ಥಾರ್ನ್‌ಟನ್ ಹಾಡಿದ್ದು ತನ್ನನ್ನು ದೋಚುವ ಗಂಡಸನ್ನು ಬಾಗಿಲಿಂದಾಚೆ ಅಟ್ಟುವ ಹೆಂಗಸಿನ ಹಾಡು; ಗುಡುಗಿನಂಥ ದನಿ. ಎಲ್ವಿಸ್ 1956ರಲ್ಲಿ ಹಾಡಿದ್ದು, ಲಾಸ್ ವೇಗಾಸ್‌ನಲ್ಲಿ ಬೇರೊಂದು ತಂಡದ ಬಾಯಲ್ಲಿ ಕೇಳಿದ, ಸಾಲುಗಳು ಬದಲಾಗಿದ್ದ ಹಾಡು. ಅದು ಲಕ್ಷಗಟ್ಟಲೆ ಮಾರಾಟವಾಯಿತು. ತನಗೆ ಸಿಕ್ಕಿದ್ದು 500 ಡಾಲರಿನ ಒಂದು ಚೆಕ್ಕು ಮಾತ್ರ ಎಂದು ಥಾರ್ನ್‌ಟನ್ ಹೇಳಿದ್ದರು.

ಈ ಸಂಗೀತದ ಶತ್ರುಗಳಿಗೆ ಮಾತ್ರ ಇದು ಯಾರದೆಂಬ ಗೊಂದಲವಿರಲಿಲ್ಲ. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1954ರ ಮೇ ತಿಂಗಳಲ್ಲಿ. ಅದನ್ನು ವಿರೋಧಿಸಿ ದಕ್ಷಿಣದಲ್ಲಿ ಹುಟ್ಟಿಕೊಂಡ ಬಿಳಿಯರ ಸಂಘಗಳು ರಾಕ್ ಅಂಡ್ ರೋಲ್ ವಿರುದ್ಧವೂ ತಿರುಗಿಬಿದ್ದವು. 1956ರ ಏಪ್ರಿಲ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಥವರ ಗುಂಪು ವೇದಿಕೆಗೆ ನುಗ್ಗಿ ನ್ಯಾಟ್ ಕಿಂಗ್ ಕೋಲ್‌ರ ಮೇಲೆ ಹಲ್ಲೆ ಮಾಡಿತು. ಕೋಲ್ ರಾಕ್ ಹಾಡುವವರೂ ಅಲ್ಲ, ಮೆಲುದನಿಯ ಗಾಯಕ. ಬಿಳಿಯ ಕೇಳುಗರ ಮುಂದೆ ಹಾಡುತ್ತಿದ್ದ ಕಪ್ಪು ಮನುಷ್ಯ ಎಂಬುದೇ ಸಾಕಾಗಿತ್ತು.

ದಶಕ ಮುಗಿಯುವ ಹೊತ್ತಿಗೆ ಮೊದಲ ಅಲೆ ಇಳಿಯಿತು. 1957ರಲ್ಲಿ ಲಿಟಲ್ ರಿಚರ್ಡ್ ಧರ್ಮದ ಕಡೆ ಹೊರಳಿದರು, 1958ರಲ್ಲಿ ಎಲ್ವಿಸ್ ಸೈನ್ಯಕ್ಕೆ ಹೋದರು, 1959ರ ಫೆಬ್ರುವರಿಯಲ್ಲಿ ಬಡಿ ಹಾಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ, ರೆಕಾರ್ಡು ಕಂಪನಿಗಳಿಂದ ಲಂಚ ಪಡೆದು ಹಾಡು ಹಾಕುವ ‘ಪೇಯೊಲಾ’ ಹಗರಣದಲ್ಲಿ ಫ್ರೀಡ್ ಕೆಲಸ ಕಳೆದುಕೊಂಡರು. 1962ರಲ್ಲಿ ತಪ್ಪೊಪ್ಪಿಕೊಂಡಾಗ ಬಿದ್ದ ದಂಡ 300 ಡಾಲರ್. ಆದರೆ ಬದುಕು ಕುಸಿದಿತ್ತು. 1965ರಲ್ಲಿ, 43ನೆಯ ವಯಸ್ಸಿನಲ್ಲಿ ಅವರು ಸತ್ತರು.

ಲೆಕ್ಕ ಕೇಳುವ ಕೆಲಸ ಆಮೇಲೆ ನಡೆಯಿತು, ಬಹಳ ತಡವಾಗಿ. ಅಟ್ಲಾಂಟಿಕ್ ರೆಕಾರ್ಡು ಕಂಪನಿಯನ್ನು ‘ರೂತ್ ಕಟ್ಟಿದ ಮನೆ’ ಎಂದೇ ಕರೆಯುತ್ತಿದ್ದರು. ಐವತ್ತರ ದಶಕದಲ್ಲಿ ರೂತ್ ಬ್ರೌನ್ ಅಷ್ಟು ಜನಪ್ರಿಯ ಗಾಯಕಿ. ಅರವತ್ತರ ದಶಕದಲ್ಲಿ ಅವರೇ ಮನೆಗೆಲಸ ಮಾಡಿ, ಶಾಲೆಯ ಬಸ್ಸು ಓಡಿಸಿ ಮಕ್ಕಳನ್ನು ಸಾಕಿದರು. ಸ್ಟುಡಿಯೋ ಬಾಡಿಗೆ, ವಾದ್ಯಗಾರರ ಸಂಬಳ ಎಲ್ಲವನ್ನೂ ಗಾಯಕರ ಖಾತೆಗೇ ಖರ್ಚು ಬರೆಯುವ ಪದ್ಧತಿಯಿಂದಾಗಿ, ಹಾಡು ಎಷ್ಟು ಮಾರಾಟವಾದರೂ ಪುಸ್ತಕದಲ್ಲಿ ಗಾಯಕರೇ ಸಾಲಗಾರರು. ವಾಷಿಂಗ್ಟನ್ನಿನ ವಕೀಲ, ಆಕೆಯ ಅಭಿಮಾನಿ ಹೋವೆಲ್ ಬೇಗಲ್ ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ 1988ರಲ್ಲಿ ಅಟ್ಲಾಂಟಿಕ್ ಆ ಹಳೆಯ ಸಾಲಗಳನ್ನು ಮನ್ನಾ ಮಾಡಿ, ಬ್ರೌನ್ ಸೇರಿದಂತೆ ಹಲವು ಹಳೆಯ ಕಲಾವಿದರಿಗೆ ರಾಯಲ್ಟಿ ಕೊಡಲು ಒಪ್ಪಿತು. ಕಷ್ಟದಲ್ಲಿದ್ದ ಕಲಾವಿದರ ನೆರವಿಗೆ ರಿದಮ್ ಅಂಡ್ ಬ್ಲೂಸ್ ಫೌಂಡೇಷನ್ ಹುಟ್ಟಿದ್ದೂ ಆ ಹೋರಾಟದಿಂದಲೇ.

ಗೌರವಗಳು ಇನ್ನೂ ನಿಧಾನ. 1986ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ ಮೊದಲ ಹತ್ತು ಹೆಸರುಗಳಲ್ಲಿ ಒಂದೂ ಹೆಣ್ಣಿನದಲ್ಲ. ರೊಸೆಟ್ಟಾ ಥಾರ್ಪ್‌ರ ಹೆಸರು ಸೇರಿದ್ದು 2018ರಲ್ಲಿ. ಬಿಗ್ ಮಾಮಾ ಥಾರ್ನ್‌ಟನ್‌ರದು 2024ರಲ್ಲಿ, ಅವರು ತೀರಿಕೊಂಡ ನಲವತ್ತು ವರ್ಷಗಳ ಮೇಲೆ. ಮತ್ತು ಅಮೆರಿಕದ ಎಎಂ, ಎಫ್‌ಎಂ ರೇಡಿಯೊ ಕೇಂದ್ರಗಳು ಇವತ್ತಿಗೂ ಹಾಡು ಬರೆದವರಿಗಷ್ಟೇ ಹಣ ಕೊಡುತ್ತವೆ. ಥಾರ್ನ್‌ಟನ್‌ರ ‘ಹೌಂಡ್ ಡಾಗ್’ ಅಲ್ಲಿ ಪ್ರಸಾರವಾದರೆ ಹಾಡಿದ ದನಿಗೆ ಅಲ್ಲಿನ ಕಾನೂನಿನ ಪ್ರಕಾರ ಒಂದು ಸೆಂಟೂ ಸಲ್ಲಬೇಕಾಗಿಲ್ಲ. ಇದನ್ನು ತಿದ್ದುವ ಮಸೂದೆಗಳು ಮತ್ತೆ ಮತ್ತೆ ಸಂಸತ್ತಿಗೆ ಬರುತ್ತಿವೆ. ರೇಡಿಯೊ ಮಾಲೀಕರ ಸಂಘ ಪ್ರತಿ ಸಲವೂ ಎದುರು ನಿಲ್ಲುತ್ತಿದೆ.